ಟ್ಯಾಂಕ್ ಎಲ್ಲಿ ಹೋಯ್ತು ಗುರೂ?

2018ರ ಜೂನ್ ಕೊನೆಯಲ್ಲಿ ‘ಓವರ್‌ವಾಚ್’ ಆಟದ ಪರೀಕ್ಷಾ ಸರ್ವರ್‌ಗೆ ಹೊಸ ಪಾತ್ರವೊಂದು ಬಂತು. ದೊಡ್ಡದೊಂದು ಉಕ್ಕಿನ ಗುಂಡು, ಹೆಸರು ರೆಕಿಂಗ್ ಬಾಲ್. ಗುಂಡಿನ ಮುಚ್ಚಳ ತೆರೆದರೆ ಒಳಗೆ ಗಲ್ಲ ಉಬ್ಬಿಸಿಕೊಂಡು ಕೂತ ಒಂದು ಹ್ಯಾಮ್‌ಸ್ಟರ್, ಇಲಿಯ ಹತ್ತಿರದ ನೆಂಟ. ಅದರ ಹೆಸರು ಹ್ಯಾಮಂಡ್. ಹಿಂದಿನ ವರ್ಷ ಬಂದಿದ್ದ ಚಂದ್ರಲೋಕದ ಮ್ಯಾಪ್‌ನಲ್ಲಿ ಪ್ರಯೋಗಕ್ಕೆ ಒಳಗಾದ ಪ್ರಾಣಿಗಳ ಪಟ್ಟಿಯೊಂದಿತ್ತು. ಅದರಲ್ಲಿ ಈ ಹೆಸರು ನೋಡಿದ್ದ ಆಟಗಾರರು ಬರುವುದು ಗೊರಿಲ್ಲವೋ ಮಂಗವೋ ಇರಬೇಕೆಂದು ಲೆಕ್ಕ ಹಾಕಿಕೊಂಡಿದ್ದರು. ಆಟದಲ್ಲಿ ಅದಾಗಲೇ ವಿನ್‌ಸ್ಟನ್ ಎಂಬ ಕನ್ನಡಕದ ಗೊರಿಲ್ಲ ಇದ್ದದ್ದರಿಂದ ಆ ಲೆಕ್ಕ ತಪ್ಪೆನ್ನುವಂತಿರಲಿಲ್ಲ. ಆಟ ತಯಾರಿಸಿದ ಕಂಪನಿಯ ಬರಹಗಾರರು ಹೇಳುವ ಕಥೆ ಹೀಗಿದೆ: ವಿನ್‌ಸ್ಟನ್ ಚಂದ್ರನಿಂದ ತಪ್ಪಿಸಿಕೊಂಡು ಭೂಮಿಗೆ ಹಾರಿದಾಗ ಹ್ಯಾಮಂಡ್ ತನ್ನ ಪುಟ್ಟ ಗೂಡನ್ನು ಅವನ ನೌಕೆಗೆ ಕಟ್ಟಿಕೊಂಡು ಜೊತೆಗೆ ಬಂದ, ದಾರಿಯಲ್ಲಿ ಬೇರ್ಪಟ್ಟು ಆಸ್ಟ್ರೇಲಿಯದ ಗುಜರಿ ಊರೊಂದರಲ್ಲಿ ಬಿದ್ದ, ಅಲ್ಲಿನ ಗುಜರಿಯಿಂದಲೇ ಯಂತ್ರ ಕಟ್ಟಿ ಕಾಳಗದ ಕಣದಲ್ಲಿ ಚಾಂಪಿಯನ್ ಆದ.

ಕಥೆ ಕೇಳಲು ಮುದ್ದಾಗಿದೆ. ಆಡಲು ಕೂತರೆ ಅಳು ಬರುತ್ತದೆ. ಹೀರೋ ಶೂಟರ್, ಅಂದರೆ ಪ್ರತಿ ಪಾತ್ರಕ್ಕೂ ತನ್ನದೇ ಶಕ್ತಿಗಳಿರುವ ಗುಂಡೇಟಿನ ಆಟಗಳಲ್ಲಿ ಕಲಿಯಲು ಕಷ್ಟವಾದ ಪಾತ್ರಗಳು ಯಾವುವು ಎಂಬ ಮಾತು ಬಂದಾಗಲೆಲ್ಲ ಈ ಹ್ಯಾಮ್‌ಸ್ಟರ್ ಹೆಸರು ಬಂದೇ ಬರುತ್ತದೆ. ಯಾಕೆ ಕಷ್ಟ ಎಂದು ಕೇಳಿದರೆ ಹೆಚ್ಚಿನವರು ಬೆರಳು ತೋರಿಸುತ್ತಾರೆ: ಅಷ್ಟೊಂದು ಗುಂಡಿಗಳನ್ನು ಒಂದೇ ಕ್ಷಣಕ್ಕೆ ಒತ್ತಬೇಕು, ಕೈ ಓಡುವುದಿಲ್ಲ. ಅದು ಅರ್ಧ ನಿಜ. ಬೆರಳಿನ ಕಷ್ಟ ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದೆ ಉಳಿಯುವುದು ಇನ್ನೊಂದು: ಈ ಪಾತ್ರವನ್ನು ಕಲಿಯುವವನ ತಪ್ಪಿನ ದಂಡವನ್ನು ಅವನೊಬ್ಬನೇ ಕಟ್ಟುವುದಿಲ್ಲ, ಜೊತೆಯಲ್ಲಿ ಆಡುವವರೂ ಕಟ್ಟುತ್ತಾರೆ.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಹಳೆಯ ಗುಂಡೇಟಿನ ಆಟಗಳಲ್ಲಿ ಎಲ್ಲರ ಕೈಯಲ್ಲೂ ಅದೇ ಬಂದೂಕು, ಎಲ್ಲರ ಕಾಲಿಗೂ ಅದೇ ವೇಗ. 1996ರಲ್ಲಿ ಆಸ್ಟ್ರೇಲಿಯದ ಹುಡುಗರು ‘ಕ್ವೇಕ್’ ಆಟವನ್ನು ತಿದ್ದಿ ‘ಟೀಮ್ ಫೋರ್ಟ್ರೆಸ್’ ಮಾಡಿದರು. ಅದರಲ್ಲಿ ಸೈನಿಕ, ವೈದ್ಯ, ಎಂಜಿನಿಯರ್ ಎಂದು ಕೆಲಸ ಹಂಚಿಹೋಯಿತು. 2007ರಲ್ಲಿ ಬಂದ ‘ಟೀಮ್ ಫೋರ್ಟ್ರೆಸ್ 2’ ಆ ಒಂಬತ್ತು ವರ್ಗಗಳಿಗೆ ಮುಖ, ಮಾತು, ಹುಚ್ಚು ಎಲ್ಲವನ್ನೂ ಕೊಟ್ಟಿತು. ಅಮೆರಿಕದ ಬ್ಲಿಝರ್ಡ್ ಕಂಪನಿ ‘ಟೈಟನ್’ ಎಂಬ ಭಾರೀ ಯೋಜನೆಯನ್ನು ವರ್ಷಗಟ್ಟಲೆ ಕಟ್ಟಿ, 2013ರಲ್ಲಿ ಕೈಬಿಟ್ಟು, ಅದರ ಅವಶೇಷದಿಂದ ಎತ್ತಿಕೊಂಡದ್ದು ‘ಓವರ್‌ವಾಚ್’. 2016ರ ಮೇ 24ರಂದು ಅದು ಮಾರುಕಟ್ಟೆಗೆ ಬಂದಾಗ 21 ಪಾತ್ರಗಳಿದ್ದವು. ಹ್ಯಾಮಂಡ್ ಇಪ್ಪತ್ತೆಂಟನೆಯವನು. ಅಲ್ಲಿಂದೀಚೆಗೆ ‘ಏಪೆಕ್ಸ್ ಲೆಜೆಂಡ್ಸ್’, ‘ವ್ಯಾಲೊರಂಟ್’, ‘ಮಾರ್ವೆಲ್ ರೈವಲ್ಸ್’ ಬಂದವು. ಸೋನಿಯವರ ‘ಕಾನ್ಕಾರ್ಡ್’ 2024ರ ಆಗಸ್ಟ್‌ನಲ್ಲಿ ಬಂದು ಎರಡೇ ವಾರಕ್ಕೆ ಅಂಗಡಿ ಮುಚ್ಚಿತು.

ಓವರ್‌ವಾಚ್‌ನಲ್ಲಿ ಮೂರು ಬಗೆಯ ಕೆಲಸಗಳಿವೆ. ಡ್ಯಾಮೇಜ್ ಪಾತ್ರಗಳು ಎದುರಾಳಿಯನ್ನು ಹೊಡೆಯುತ್ತವೆ. ಸಪೋರ್ಟ್ ಪಾತ್ರಗಳು, ನಮ್ಮ ಹುಡುಗರ ಬಾಯಲ್ಲಿ ‘ಹೀಲರ್’, ಗಾಯ ವಾಸಿ ಮಾಡುತ್ತವೆ. ಟ್ಯಾಂಕ್ ಮುಂದೆ ನಿಂತು ಪೆಟ್ಟು ತಿನ್ನುತ್ತದೆ, ಜಾಗ ಹಿಡಿಯುತ್ತದೆ. ಟ್ಯಾಂಕ್ ಎಂದೊಡನೆ ಎಲ್ಲರ ಕಣ್ಣಿಗೆ ಬರುವ ಚಿತ್ರ ರೈನ್‌ಹಾರ್ಟ್: ಕವಚ ತೊಟ್ಟ ಜರ್ಮನ್ ಮುದುಕ, ಒಂದು ಕೈಯಲ್ಲಿ ಸುತ್ತಿಗೆ, ಎದುರಿಗೆ ಇಡೀ ತಂಡವನ್ನು ಮರೆಮಾಡುವ ಬೆಳಕಿನ ಗುರಾಣಿ. ಅವನ ಬೆನ್ನ ಹಿಂದೆ ನಡೆದರೆ ಸಾಕು ಎನ್ನುವುದು ಹೊಸಬರಿಗೆ ಎಲ್ಲರೂ ಹೇಳಿಕೊಡುವ ಮೊದಲ ಪಾಠ.

ಹ್ಯಾಮಂಡ್ ಕೂಡ ಟ್ಯಾಂಕೇ. ಆದರೆ ಅವನ ಬೆನ್ನ ಹಿಂದೆ ನಡೆಯಲು ಹೋದರೆ ನಿಮಗೆ ಸಿಗುವುದು ಅವನು ಎಬ್ಬಿಸಿದ ದೂಳು ಮಾತ್ರ. ಅವನಲ್ಲಿ ತಂಡವನ್ನು ಮರೆಮಾಡುವ ಗೋಡೆಯಿಲ್ಲ. ಎದುರಾಳಿಗಳ ನಡುವೆ ನುಗ್ಗಿ, ಅವರನ್ನು ಚದುರಿಸಿ, ಅವರೆಲ್ಲ ತಿರುಗಿ ತನ್ನನ್ನು ಹೊಡೆಯುವಂತೆ ಮಾಡಿ, ಆ ಗೊಂದಲದಲ್ಲಿ ತನ್ನ ತಂಡಕ್ಕೆ ದಾರಿ ತೆರೆದು, ಸಾಯುವ ಮುನ್ನ ಪರಾರಿಯಾಗುವುದು ಅವನ ಕೆಲಸ. ರಕ್ಷಣೆ ಎಂಬುದನ್ನು ತಲೆಕೆಳಗು ಮಾಡಿಟ್ಟ ಹಾಗೆ. ಇದು ಗೊತ್ತಿಲ್ಲದೆ ಹ್ಯಾಮಂಡ್ ತೆಗೆದುಕೊಂಡು ರೈನ್‌ಹಾರ್ಟ್ ಥರ ತಂಡದ ಮುಂದೆ ನಾಲ್ಕು ಕಾಲೂರಿ ನಿಂತು ಗುಂಡು ಹಾರಿಸುವವರಿದ್ದಾರೆ. ಅಂಥವರು ಬಹಳ ಹೊತ್ತು ನಿಲ್ಲುವುದಿಲ್ಲ.

ಅವನ ಸಲಕರಣೆಗಳನ್ನು ನೋಡಿ. ನಿಂತಾಗ ನಾಲ್ಕು ನಳಿಕೆಯ ತೋಪು. ಒಂದು ಗುಂಡಿ ಒತ್ತಿದರೆ ಕಾಲು ಮಡಚಿ ಗುಂಡಾಗಿ ಉರುಳುತ್ತಾನೆ; ಉರುಳುವಾಗ ತೋಪು ಹಾರಿಸುವಂತಿಲ್ಲ. ಇನ್ನೊಂದು ಗುಂಡಿಗೆ ಕೊಕ್ಕೆಯೊಂದು ಹಾರಿ ಗೋಡೆಗೋ ಕಂಬಕ್ಕೋ ಚಾವಣಿಗೋ ಕಚ್ಚಿಕೊಳ್ಳುತ್ತದೆ, ಅದರ ಹಗ್ಗಕ್ಕೆ ಜೋತು ಅವನು ತೂಗುತ್ತಾನೆ. ವೇಗ ಒಂದು ಮಿತಿ ದಾಟಿತೆಂದರೆ ಗುಂಡಿನ ಸುತ್ತ ಬೆಂಕಿ ಹೊತ್ತಿಕೊಂಡಂತೆ ಕಾಣುತ್ತದೆ, ಆಗ ಯಾರಿಗೆ ತಾಗಿದರೂ ಪೆಟ್ಟು, ಜೊತೆಗೆ ದೂರಕ್ಕೆ ಎಸೆತ. ಗಾಳಿಯಲ್ಲಿ ಸಾಕಷ್ಟು ಎತ್ತರದಲ್ಲಿದ್ದಾಗ ನೆಲಕ್ಕೆ ಅಪ್ಪಳಿಸಬಹುದು, ಕೆಳಗಿದ್ದವರು ಮೇಲಕ್ಕೆ ಚಿಮ್ಮುತ್ತಾರೆ. ಸುತ್ತ ಎಷ್ಟು ಶತ್ರುಗಳಿದ್ದರೆ ಅಷ್ಟು ದಪ್ಪವಾಗುವ ಒಂದು ಕವಚವಿದೆ. ಕೊನೆಗೆ ನೆಲದ ತುಂಬ ಸಿಡಿಮದ್ದು ಹರವುವ ಅಲ್ಟಿಮೇಟ್, ಅಂದರೆ ಪಾತ್ರದ ಅತಿ ದೊಡ್ಡ ಅಸ್ತ್ರ. ಇವನ್ನೆಲ್ಲ ಬಿಡಿಬಿಡಿಯಾಗಿ ಒಂದು ಮಧ್ಯಾಹ್ನದಲ್ಲಿ ತಿಳಿದುಕೊಳ್ಳಬಹುದು. ಒಂದಕ್ಕೊಂದು ಪೋಣಿಸುವಾಗ ಜೀವ ಹೋಗುತ್ತದೆ.

ಎಲ್ಲದರ ಕೀಲಿ ಆ ಕೊಕ್ಕೆ. ಹೊಸಬರು ಎದುರಿಗಿರುವ ಗೋಡೆಗೆ ನೇರವಾಗಿ ಕೊಕ್ಕೆ ಹಾಕುತ್ತಾರೆ, ಹೋಗಿ ಅದಕ್ಕೇ ಢಿಕ್ಕಿ ಹೊಡೆಯುತ್ತಾರೆ. ಸ್ವಲ್ಪ ಪಕ್ಕದ ಕಂಬಕ್ಕೆ ಹಾಕಿದರೆ ಸುತ್ತು ಬರುತ್ತದೆ, ಮೇಲಿನ ಸೂರಿಗೆ ಹಾಕಿದರೆ ಎತ್ತರ ಸಿಗುತ್ತದೆ. ಹಾಕುವುದು ಕಲಿತ ಮೇಲೆ ಬಿಡುವುದನ್ನು ಕಲಿಯಬೇಕು, ಅದು ಇನ್ನೂ ಸೂಕ್ಷ್ಮ. ವೃತ್ತದಲ್ಲಿ ಸುತ್ತುವ ವಸ್ತುವಿನ ಹಗ್ಗ ಕಡಿದರೆ ಅದು ಆ ಕ್ಷಣದ ಸ್ಪರ್ಶರೇಖೆಯಲ್ಲಿ ಹಾರಿಹೋಗುತ್ತದೆ ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಆಟದೊಳಗೂ ಅದೇ ಕಾನೂನು. ಜೋಳದ ಹೊಲದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಗುರಿ ಎದುರಿಗೆ ಬಂದಾಗ ಬಿಟ್ಟರೆ ಕಲ್ಲು ಇನ್ನೆಲ್ಲೋ ಹೋಗುತ್ತದೆ, ಅದಕ್ಕೂ ಮೊದಲೇ ಬಿಡಬೇಕು. ಹ್ಯಾಮಂಡ್ ಆಡುವವನ ಪೇಚು ಏನೆಂದರೆ ಅವನೇ ಕವಣೆಗಾರ, ಅವನೇ ಕಲ್ಲು. ಹಾರುತ್ತಿರುವ ಕಲ್ಲಿನ ಕಣ್ಣಿನಿಂದ ಜಗತ್ತನ್ನು ನೋಡುತ್ತ ಎಲ್ಲಿ ಬಿಡಬೇಕೆಂದು ಅವನು ತೀರ್ಮಾನಿಸಬೇಕು.

ಇದರ ಜೊತೆಗೆ ನೋಟವೂ ಬದಲಾಗುತ್ತಿರುತ್ತದೆ. ನಿಂತಾಗ ಹ್ಯಾಮಂಡ್‌ನ ಕಣ್ಣಿಂದಲೇ ಕಾಣುವ ದೃಶ್ಯ, ಗುಂಡಾದ ಕೂಡಲೇ ಕ್ಯಾಮೆರಾ ಅವನ ಹಿಂದಕ್ಕೆ ಸರಿದು ಗುಂಡನ್ನೇ ತೋರಿಸುತ್ತದೆ. ಒಂದೇ ಜಗಳದಲ್ಲಿ ಹೀಗೆ ಹಲವು ಸಲ ಆಗುತ್ತದೆ. ಒಳಗಿನವನಾಗಿ ಗುರಿಯಿಟ್ಟು, ಹೊರಗಿನವನಾಗಿ ದಾರಿ ಹುಡುಕಿ, ಮತ್ತೆ ಒಳಕ್ಕೆ. ಮೊದಲ ದಿನ ತಲೆ ಸುತ್ತುತ್ತದೆ ಎಂದು ಕೆಲವರು ಹೇಳಿದರೆ ನಂಬಿ.

ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1967ರಲ್ಲಿ ಕೈಕೌಶಲದ ಕಲಿಕೆಯನ್ನು ಮೂರು ಘಟ್ಟಗಳಾಗಿ ನೋಡಿದರು. ಮೊದಲನೆಯದರಲ್ಲಿ ಮಾಡಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಮಾಡುತ್ತೇವೆ: ಈಗ ಉರುಳು, ಈಗ ಕೊಕ್ಕೆ, ಈಗ ಬಿಡು, ಈಗ ಅಪ್ಪಳಿಸು. ಎರಡನೆಯದರಲ್ಲಿ ಬಿಡಿ ಚಲನೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ತಪ್ಪು ಕಡಿಮೆಯಾಗುತ್ತದೆ. ಮೂರನೆಯದರಲ್ಲಿ ಕೈ ತನ್ನಷ್ಟಕ್ಕೆ ತಾನು ಮಾಡುತ್ತದೆ, ಮನಸ್ಸು ಬೇರೆ ಕೆಲಸಕ್ಕೆ ಬಿಡುವಾಗುತ್ತದೆ. ಸೈಕಲ್ ತುಳಿಯುವುದಕ್ಕೂ ಟೈಪಿಂಗ್‌ಗೂ ಇದು ಒಪ್ಪುತ್ತದೆ. ಹ್ಯಾಮಂಡ್ ವಿಷಯದಲ್ಲಿ ಮಾತ್ರ ಮೊದಲ ಎರಡು ಘಟ್ಟಗಳಿಗೆ ವಿಪರೀತ ಬೆಲೆ. ಕೊಕ್ಕೆಯ ಮೇಲೆಯೇ ಮನಸ್ಸಿಟ್ಟವನಿಗೆ ತನ್ನ ಹೀಲರ್ ಮೇಲೆ ಯಾರೋ ಎರಗಿರುವುದು ಕಾಣುವುದಿಲ್ಲ, ಜೊತೆಯವರು ಹಿಂದೆ ಸರಿದದ್ದು ತಿಳಿಯುವುದಿಲ್ಲ. ಕೈ ಪಳಗುವವರೆಗೆ ತಂಡ ಎಂಬುದೊಂದು ಇದೆ ಎನ್ನುವುದೇ ಅವನ ಗಮನಕ್ಕೆ ಬರುವುದಿಲ್ಲ. ಬೆರಳಿನ ಕಷ್ಟ ತಂಡದ ಕಷ್ಟವಾಗಿ ಬದಲಾಗುವುದು ಇಲ್ಲೇ.

ಹಾಗಾದರೆ ಒಬ್ಬನೇ ಕೂತು ಪಳಗಿಸಿಕೊಳ್ಳಬಹುದಲ್ಲ? ಬಹುದು, ಬೇಕು ಕೂಡ. ಆಟದಲ್ಲೇ ಅಭ್ಯಾಸದ ಮೈದಾನವಿದೆ, ಗೊಂಬೆ ರೋಬೋಗಳು ಗುಂಡು ತಿನ್ನಲು ಕಾಯುತ್ತಿರುತ್ತವೆ. 2019ರಲ್ಲಿ ಬ್ಲಿಝರ್ಡ್ ‘ವರ್ಕ್‌ಶಾಪ್’ ಎಂಬ ಸೌಕರ್ಯ ಕೊಟ್ಟಿತು, ಆಟಗಾರರೇ ನಿಯಮ ಬರೆದು ತಮ್ಮದೇ ಪಂದ್ಯ ಕಟ್ಟಿಕೊಳ್ಳಬಹುದು. ಅದರಿಂದ ಹುಟ್ಟಿದವುಗಳಲ್ಲಿ ಹ್ಯಾಮಂಡ್ ಆಡುವವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಪಾರ್ಕೂರ್ ಮೈದಾನಗಳು: ಒಂದು ಗುರುತಿನಿಂದ ಇನ್ನೊಂದು ಗುರುತಿಗೆ ನೆಲ ಮುಟ್ಟದೆ ಕೊಕ್ಕೆಯಲ್ಲೇ ತೂಗಿಕೊಂಡು ಹೋಗಬೇಕು, ತಪ್ಪಿದರೆ ಮತ್ತೆ ಹಿಂದಿನ ಗುರುತಿನಿಂದ. ಅಲ್ಲಿ ಬೈಯುವವರಿಲ್ಲ, ಸೋಲುವ ತಂಡವಿಲ್ಲ. ಅಲ್ಲಿ ಕಳೆದ ಸಂಜೆಗಳು ವ್ಯರ್ಥವಲ್ಲ.

ಆದರೆ ಅಲ್ಲಿ ಒಂದು ಮೋಸವೂ ಇದೆ. 1979ರಲ್ಲಿ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಒಂದು ಪ್ರಯೋಗ ಮಾಡಿದರು. ಟೆನಿಸ್ ಚೆಂಡು ಹಿಡಿದ ಕೈಯಿಂದ ಮರದ ತಡೆಗಳನ್ನು ಹೇಳಿದ ಕ್ರಮದಲ್ಲಿ ಬೇಗ ಬೇಗ ಉರುಳಿಸಬೇಕು. ಕ್ರಮಗಳು ಮೂರು ಬಗೆ. ಒಂದು ಗುಂಪು ಒಂದು ಬಗೆಯನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಯಿತು, ಇನ್ನೊಂದು ಗುಂಪು ಮೂರನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪೇ ಚುರುಕು. ಹತ್ತು ನಿಮಿಷದ ಬಳಿಕ, ಮತ್ತೆ ಹತ್ತು ದಿನದ ಬಳಿಕ ಪರೀಕ್ಷೆ ಮಾಡಿದಾಗ ಕಲಸಿ ಕಲಿತವರು ಮುಂದಿದ್ದರು. ಪಾರ್ಕೂರ್ ಮೈದಾನದಲ್ಲಿ ಅದೇ ದಾರಿಯನ್ನು ಮತ್ತೆ ಮತ್ತೆ ಸುತ್ತಿ ನೀರು ಕುಡಿದಷ್ಟು ಸಲೀಸು ಮಾಡಿಕೊಂಡವನು ಪಂದ್ಯಕ್ಕೆ ಬಂದು ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯುವುದರಲ್ಲಿ ಅಚ್ಚರಿ ಇಲ್ಲ. ಅವನಿಗೆ ಆ ದಾರಿ ಬಂದಿದೆ, ಕೊಕ್ಕೆ ಬಂದಿಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಒಂಟಿ ಅಭ್ಯಾಸದ ಪ್ರಮಾಣಕ್ಕಿಂತ ಅದರ ಕಲಸುಮೇಲೋಗರ ಮುಖ್ಯ. ಒಂದು ಮ್ಯಾಪ್‌ನ ಒಂದು ಕಂಬ, ತಕ್ಷಣ ಇನ್ನೊಂದು ಮ್ಯಾಪ್‌ನ ಸೂರು, ಆಮೇಲೆ ರೋಬೋಗಳ ಜೊತೆ ಒಂದು ಪಂದ್ಯ. ಬೇಸರ ತರಿಸುವ ಅಭ್ಯಾಸ ಇದು, ಪ್ರಗತಿ ಕಣ್ಣಿಗೆ ಕಾಣುವುದಿಲ್ಲ. ಯೂಟ್ಯೂಬ್‌ನ ಮಿಂಚಿನ ವಿಡಿಯೊಗಳನ್ನು ನೋಡಿ ಬಂದವರಲ್ಲಿ ಹಲವರು ಕೈಬಿಡುವುದೂ ಇಲ್ಲೇ.

ಕೊಕ್ಕೆ ಕೈಗೆ ಹತ್ತಿದ ಮೇಲೆ ಊರನ್ನು ಓದಬೇಕು. ಹ್ಯಾಮಂಡ್ ಆಡುವವನಿಗೆ ಮ್ಯಾಪ್ ಎಂದರೆ ರಸ್ತೆಗಳಲ್ಲ, ಎಲ್ಲಿ ಯಾವ ಎತ್ತರದಲ್ಲಿ ಏನು ಚಾಚಿಕೊಂಡಿದೆ ಎಂಬ ಲೆಕ್ಕ. ಲಂಡನ್ನಿನ ಬೀದಿಯನ್ನು ಹೋಲುವ ‘ಕಿಂಗ್ಸ್ ರೋ’ ಮ್ಯಾಪ್‌ನಲ್ಲಿ ರೈನ್‌ಹಾರ್ಟ್ ಬೀದಿಯ ಅಗಲ ನೋಡುತ್ತಾನೆ, ಹ್ಯಾಮಂಡ್ ಮೂಲೆಗಳನ್ನೂ ಕಮಾನುಗಳನ್ನೂ ನೋಡುತ್ತಾನೆ. ಗ್ರೀಸ್‌ನ ದ್ವೀಪವೊಂದರಲ್ಲಿ ಕಟ್ಟಿದ ‘ಇಲಿಯೊಸ್’ ಮ್ಯಾಪ್‌ನ ಒಂದು ಭಾಗದಲ್ಲಿ ಕಾದಾಟದ ಜಾಗದ ನಟ್ಟನಡುವೆಯೇ ಆಳವಾದ ಬಾವಿಯಿದೆ. ಅಲ್ಲಿ ಹ್ಯಾಮಂಡ್ ಬಂದನೆಂದರೆ ಎದುರಾಳಿಗಳು ಬಾವಿಯಿಂದ ದೂರ ಸರಿದು ನಿಲ್ಲುತ್ತಾರೆ. ಸರಿಯಾಗಿ ಬೀಸಿದ ಒಂದೇ ಹೊಡೆತಕ್ಕೆ ಯಾರ ಜೀವದ ಅಳತೆಯೂ ಲೆಕ್ಕಕ್ಕಿಲ್ಲ, ಬಿದ್ದವನು ಬಿದ್ದ. ಇದು ಈ ಪಾತ್ರ ಕೊಡುವ ಅತಿ ದೊಡ್ಡ ಸಂತೋಷ. ಆ ರುಚಿಗೇ ಜನ ಇದನ್ನು ಕಲಿಯಲು ಇಳಿಯುತ್ತಾರೆ ಎಂದರೂ ತಪ್ಪಿಲ್ಲ.

ಊರಿನಲ್ಲಿ ಓದಬೇಕಾದ ಇನ್ನೊಂದು ಸಂಗತಿ ಹೆಲ್ತ್ ಪ್ಯಾಕ್‌ಗಳು, ಅಲ್ಲಲ್ಲಿ ನೆಲದ ಮೇಲೆ ಇಟ್ಟಿರುವ ಔಷಧದ ಪೊಟ್ಟಣಗಳು. ಬೇರೆ ಟ್ಯಾಂಕ್‌ಗಳು ಹೀಲರ್ ಕಣ್ಣಳತೆಯಲ್ಲೇ ಇರುವುದರಿಂದ ಅವಕ್ಕೆ ಇವು ಅಷ್ಟಾಗಿ ಬೇಡ. ಶತ್ರುಗಳ ಬೆನ್ನ ಹಿಂದೆ ಓಡಾಡುವ ಹ್ಯಾಮಂಡ್‌ಗೆ ಇವೇ ಅನ್ನ ನೀರು. ಪಳಗಿದವರು ಒಳನುಗ್ಗುವ ಮೊದಲೇ ಹೊರಬೀಳುವ ದಾರಿಯನ್ನೂ ಆ ದಾರಿಯಲ್ಲಿ ಸಿಗುವ ಪೊಟ್ಟಣವನ್ನೂ ಗುರುತಿಟ್ಟುಕೊಂಡಿರುತ್ತಾರೆ. ಕೊಕ್ಕೆ ಒಮ್ಮೆ ಬಳಸಿದ ಮೇಲೆ ಮತ್ತೆ ತಯಾರಾಗಲು ಕೆಲವು ಸೆಕೆಂಡ್ ಬೇಕು. ಆಟದ ಭಾಷೆಯಲ್ಲಿ ಇದು ಕೂಲ್‌ಡೌನ್. ಒಳಗೆ ಹೋಗಲು ಕೊಕ್ಕೆ ಖರ್ಚು ಮಾಡಿದವನು ಅಷ್ಟು ಹೊತ್ತು ಶತ್ರುಗಳ ನಡುವೆ ಬದುಕಿರಬೇಕು. ಕವಚ ಇರುವುದು ಅದಕ್ಕೆ.

ಬದುಕಿರಬೇಕಾದರೆ ಎದುರಾಳಿಗಳ ಕೂಲ್‌ಡೌನ್‌ಗಳನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ಉರುಳುವ ಗುಂಡಿಗೆ ನಿಲ್ಲುವುದೇ ಸಾವು, ಅವನನ್ನು ನಿಲ್ಲಿಸುವವರು ಆಟದಲ್ಲಿ ಬೇಕಾದಷ್ಟಿದ್ದಾರೆ. ಈಜಿಪ್ಟಿನ ಅಜ್ಜಿ ಆನಾ ನಿದ್ದೆಯ ಸೂಜಿ ಹಾರಿಸುತ್ತಾಳೆ. ಸೋಂಬ್ರಾ ಹ್ಯಾಕ್ ಮಾಡಿದರೆ ಯಂತ್ರವೇ ಮಾತು ಕೇಳುವುದಿಲ್ಲ. ರೋಡ್‌ಹಾಗ್ ಸರಪಳಿ ಎಸೆದು ಎಳೆದುಕೊಳ್ಳುತ್ತಾನೆ, ಜಂಕ್‌ರ‍್ಯಾಟ್ ಕಾಲಿಗೆ ಬೋನು ಇಡುತ್ತಾನೆ. ಆನಾಳ ಸೂಜಿ ಈಗಷ್ಟೇ ಬೇರೆ ಯಾರಿಗೋ ಹೋಯಿತು ಎಂದರೆ ಮತ್ತೊಂದು ಬರಲು ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತಿದೆ, ಆ ಕಿಂಡಿಯಲ್ಲಿ ನುಗ್ಗಬೇಕು. ಒಳ್ಳೆಯ ಹ್ಯಾಮಂಡ್ ಆಟಗಾರನನ್ನು ಗುರುತಿಸಲು ಅವನ ಕೊಕ್ಕೆಯ ಚಮತ್ಕಾರ ನೋಡಬೇಕಿಲ್ಲ. ಅವನು ಒಳನುಗ್ಗದೆ ಮೂಲೆಯಲ್ಲಿ ಎಷ್ಟು ಹೊತ್ತು ಕಾಯುತ್ತಾನೆ ಎಂದು ನೋಡಿದರೆ ಸಾಕು.

ಇನ್ನು ಜೊತೆಯವರ ಕಥೆ. ಅಕ್ಕನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಈ ಆಟದಲ್ಲಿ ಹೀಲರ್. ಹ್ಯಾಮಂಡ್ ಹೆಸರು ಎತ್ತಿದರೆ ಸಾಕು.

‘ಮಾಮ, ಬಾಲ್ ಆಡೋರನ್ನ ಕಂಡ್ರೆ ಮೈ ಉರಿಯುತ್ತೆ. ಹೀಲ್ ಮಾಡೋಣ ಅಂತ ತಿರುಗಿದ್ರೆ ಅವ್ರು ಊರಾಚೆ ಇರ್ತಾರೆ. ನಮ್ಮ ಮೇಲೆ ಬಿದ್ರೆ ಕೇಳೋರೇ ಇಲ್ಲ. ಸತ್ತ್ಮೇಲೆ ಹೀಲ್ ಎಲ್ಲಿ ಅಂತ ನಮ್ಮನ್ನೇ ಕೇಳ್ತಾರೆ.’

‘ಮತ್ತೆ ಅವರು ಕಲಿಯೋದು ಎಲ್ಲಿ ಕಣೋ?’

‘ಎಲ್ಲಾದ್ರೂ ಕಲೀಲಿ. ನನ್ ಮ್ಯಾಚಲ್ಲಿ ಬೇಡ.’

ಎಲ್ಲ ಹೀಲರ್‌ಗಳ ಉತ್ತರವೂ ಇದೇ. ಅದರಲ್ಲಿ ನ್ಯಾಯವಿದೆ. ಹತ್ತು ಹದಿನೈದು ನಿಮಿಷದ ಒಂದು ಪಂದ್ಯಕ್ಕೆ ಇಡೀ ದಿನದ ಕೆಲಸ ಮುಗಿಸಿ ಬಂದು ಕೂತವರು ಇನ್ನೊಬ್ಬರ ಪಾಠಶಾಲೆಗೆ ಫೀಸು ಕಟ್ಟಲು ಒಪ್ಪಿಲ್ಲ. ಆದರೆ ಯಾರ ಪಂದ್ಯದಲ್ಲೂ ಕಲಿಯಕೂಡದೆಂದರೆ ಯಾರೂ ಎಂದೂ ಕಲಿಯುವುದಿಲ್ಲ. ಚೆಸ್ ಕಲಿಯುವವನು ಸೋತರೆ ಅವನೊಬ್ಬನೇ ಸೋಲುತ್ತಾನೆ. ಇಲ್ಲಿ ಸೋಲು ಸಾಮೂಹಿಕ, ಕಲಿಕೆ ಮಾತ್ರ ಒಬ್ಬನದು. ಚಾಟ್‌ನಲ್ಲಿ ಬರುವ ಬೈಗುಳಗಳಲ್ಲಿ ಬಹುಪಾಲು ಈ ಅಸಮಾನತೆಯಿಂದ ಹುಟ್ಟುತ್ತವೆ ಎಂದು ನನ್ನ ಎಣಿಕೆ. ‘ಟ್ಯಾಂಕ್ ಎಲ್ಲಿ ಹೋಯ್ತು ಗುರೂ?’ ಎಂಬುದು ಅವುಗಳಲ್ಲಿ ಸಭ್ಯವಾದದ್ದು.

ಕಂಪನಿಗೂ ಇದರ ಬಿಸಿ ತಟ್ಟಿತ್ತು. ಆಟದ ಆಗಿನ ನಿರ್ದೇಶಕ ಜೆಫ್ ಕ್ಯಾಪ್ಲನ್ 2017ರ ಸೆಪ್ಟೆಂಬರ್‌ನಲ್ಲಿ ಬಿಟ್ಟ ವಿಡಿಯೊದಲ್ಲಿ, ಆಟಗಾರರ ಕೆಟ್ಟ ನಡವಳಿಕೆ ನಿಭಾಯಿಸಲು ಹೋಗುವ ಸಮಯ ಆಟ ಬೆಳೆಸುವ ಕೆಲಸವನ್ನೇ ನಿಧಾನ ಮಾಡುತ್ತಿದೆ ಎಂದು ಬೇಸರದಿಂದ ಹೇಳಿಕೊಂಡರು. 2018ರ ಜೂನ್‌ನಲ್ಲಿ, ಅಂದರೆ ಹ್ಯಾಮಂಡ್ ಕಾಣಿಸಿಕೊಂಡ ತಿಂಗಳಲ್ಲೇ, ಪಂದ್ಯ ಮುಗಿದ ಮೇಲೆ ಸಹ ಆಟಗಾರರನ್ನು ಮೆಚ್ಚಿ ಗುರುತು ಕೊಡುವ ‘ಎಂಡಾರ್ಸ್‌ಮೆಂಟ್’ ಪದ್ಧತಿ ಬಂತು. ಒಳ್ಳೆಯ ಉಪಾಯವೇ. ಆದರೆ ಗೋಡೆಗೆ ಬಡಿಯುತ್ತಿರುವ ಹೊಸ ಹ್ಯಾಮಂಡ್‌ಗೆ ಮೆಚ್ಚುಗೆಯ ಗುರುತು ಕೊಟ್ಟವರನ್ನು ನಾನಂತೂ ಕಂಡಿಲ್ಲ.

2022ರ ಅಕ್ಟೋಬರ್‌ನಲ್ಲಿ ‘ಓವರ್‌ವಾಚ್ 2’ ಬಂದಾಗ ಪರಿಸ್ಥಿತಿ ಇನ್ನಷ್ಟು ಬಿಗಿಯಾಯಿತು. ಅಲ್ಲಿಯವರೆಗೆ ಆರು ಜನರ ತಂಡ. 2019ರಿಂದ ಅದರಲ್ಲಿ ಎರಡು ಟ್ಯಾಂಕ್, ಎರಡು ಡ್ಯಾಮೇಜ್, ಎರಡು ಸಪೋರ್ಟ್ ಎಂಬ ಕಟ್ಟಳೆ. ಹ್ಯಾಮಂಡ್ ಊರು ಸುತ್ತಲು ಹೋದರೂ ಇನ್ನೊಂದು ಟ್ಯಾಂಕ್ ಮನೆ ಕಾಯುತ್ತಿತ್ತು. ಹೊಸ ಆವೃತ್ತಿಯಲ್ಲಿ ತಂಡಕ್ಕೆ ಐದೇ ಜನ, ಟ್ಯಾಂಕ್ ಒಂದೇ. ಆ ಒಂದೇ ಸ್ಥಾನದಲ್ಲಿ ಕಲಿಯುವವನು ಕೂತರೆ ತಂಡಕ್ಕೆ ಬೇರೆ ಆಸರೆ ಇಲ್ಲ. ಡ್ಯಾಮೇಜ್ ಆಡುವವನ ತಪ್ಪನ್ನು ಇನ್ನೊಬ್ಬ ಡ್ಯಾಮೇಜ್ ತುಂಬಿಕೊಡಬಹುದು. ಈ ಬದಲಾವಣೆಗೆ ವೇಗ, ಸ್ಪಷ್ಟತೆ ಎಂದೆಲ್ಲ ಕಾರಣ ಕೊಟ್ಟರು. ಕಲಿಯುವವನ ದೃಷ್ಟಿಯಿಂದ ಹೇಳುವುದಾದರೆ ಅದೊಂದು ಕೆಟ್ಟ ತೀರ್ಮಾನ. ಎರಡು ವರ್ಷದ ಬಳಿಕ, 2024ರ ಡಿಸೆಂಬರ್‌ನಲ್ಲಿ, ಆರು ಜನರ ಆಟವನ್ನು ಮತ್ತೆ ಪರೀಕ್ಷೆಗೆ ತಂದದ್ದು ಸುಮ್ಮನೆ ಅಲ್ಲ. ಆ ನಡುವೆ ಹ್ಯಾಮಂಡ್‌ಗೆ ತನ್ನ ಕವಚದ ಪಾಲನ್ನು ಹತ್ತಿರದ ಜೊತೆಗಾರರಿಗೆ ಹಂಚುವ ಶಕ್ತಿಯನ್ನೂ ಕೊಟ್ಟರು. ಅವನು ತಂಡಕ್ಕೆ ಏನೂ ಕೊಡುವುದಿಲ್ಲ ಎಂಬ ದೂರು ವಿನ್ಯಾಸಕಾರರ ಕಿವಿಗೂ ಬಿದ್ದಿತ್ತು ಎನ್ನಲು ಅದೇ ಸಾಕ್ಷಿ.

ಹಾಗೆಂದು ಈ ಪಾತ್ರವೇ ತಂಡಕ್ಕೆ ಒಗ್ಗದ್ದು ಎಂದು ತೀರ್ಮಾನಿಸುವವರು ಚೀನಾದ ಚೆಂಗ್ಡು ಹಂಟರ್ಸ್ ತಂಡವನ್ನು ನೆನಪಿಸಿಕೊಳ್ಳಬೇಕು. 2019ರಲ್ಲಿ ಅವರು ವೃತ್ತಿಪರ ಆಟಗಾರರ ‘ಓವರ್‌ವಾಚ್ ಲೀಗ್’ಗೆ ಹೊಸದಾಗಿ ಕಾಲಿಟ್ಟಾಗ ಲೀಗ್ ತುಂಬ ಒಂದೇ ವ್ಯೂಹ: ಮೂರು ಟ್ಯಾಂಕ್, ಮೂರು ಸಪೋರ್ಟ್, ರೈನ್‌ಹಾರ್ಟ್ ಮುಂದೆ, ಎಲ್ಲರೂ ಒತ್ತೊತ್ತಾಗಿ. ‘ಗೋಟ್ಸ್’ ಎಂದು ಕರೆಯುತ್ತಿದ್ದ ಆ ವ್ಯೂಹವನ್ನು ನೋಡಿ ನೋಡಿ ಪ್ರೇಕ್ಷಕರಿಗೂ ಸಾಕಾಗಿತ್ತು. ಚೆಂಗ್ಡು ತಂಡದ ಟ್ಯಾಂಕ್ ಆಟಗಾರ ಅಮೆಂಗ್ ಮಾತ್ರ ಹ್ಯಾಮಂಡ್ ಹಿಡಿದು ಬಂದ. ಇಡೀ ತಂಡ ಅವನ ಲಯಕ್ಕೆ ಹೊಂದಿಕೊಂಡಿತ್ತು. ಅವನು ಚದುರಿಸುತ್ತಿದ್ದ, ಉಳಿದವರು ಚದುರಿದವರನ್ನು ಹಿಡಿಯುತ್ತಿದ್ದರು. ಅವನು ಮರೆಯಾದಾಗ ತಂಡ ಹಿಂದೆ ಸರಿದು ಕಾಯುತ್ತಿತ್ತು. ಅವರು ಲೀಗ್ ಪ್ರಶಸ್ತಿ ಎಂದೂ ಗೆಲ್ಲಲಿಲ್ಲ, ಆ ವರ್ಷದ ಕಪ್ ಸ್ಯಾನ್ ಫ್ರಾನ್ಸಿಸ್ಕೊ ಶಾಕ್ ಪಾಲಾಯಿತು. ಆದರೂ ಹ್ಯಾಮಂಡ್‌ನ ಬೆನ್ನಿಗೆ ತಂಡ ನಿಂತರೆ ಏನಾಗುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿದವರು ಅವರೇ. ಆ ಪಂದ್ಯಗಳನ್ನು ನೋಡುವಾಗ ಕಲಿಯುವವರು ಅಮೆಂಗ್‌ನ ಕೊಕ್ಕೆಯನ್ನೇ ನೋಡುತ್ತಾರೆ. ನೋಡಬೇಕಾದದ್ದು ಉಳಿದ ಐವರ ಕಾಲುಗಳನ್ನು.

ಕಲಿತದ್ದಾದರೂ ಶಾಶ್ವತವೇ ಎಂದರೆ ಅದೂ ಇಲ್ಲ. ಪ್ಯಾಚ್, ಅಂದರೆ ಆಟದ ತಿದ್ದುಪಡಿ, ಬಂದಾಗಲೆಲ್ಲ ಅಂಕಿಗಳು ಬದಲಾಗುತ್ತವೆ, ಕೆಲವೊಮ್ಮೆ ಪಾತ್ರವೇ ಬದಲಾಗುತ್ತದೆ. ಆಟದಲ್ಲಿರುವ ಹೈದರಾಬಾದಿನ ಹೆಣ್ಣುಮಗಳು ಸತ್ಯಾ ವಾಸ್ವಾನಿ, ಅಂದರೆ ಸಿಮೆಟ್ರಾ, 2016ರಲ್ಲಿ ಸಪೋರ್ಟ್ ಆಗಿ ಬಂದಳು. ಎರಡು ವರ್ಷದಲ್ಲಿ ಎರಡು ಸಲ ಅವಳನ್ನು ತಿದ್ದಿ ಕಡೆಗೆ ಡ್ಯಾಮೇಜ್ ಸಾಲಿಗೆ ಸೇರಿಸಿದರು. ಡೂಮ್‌ಫಿಸ್ಟ್ ಡ್ಯಾಮೇಜ್ ಆಗಿದ್ದವನು 2022ರಲ್ಲಿ ಟ್ಯಾಂಕ್ ಆದ. ಅವರನ್ನೇ ನಂಬಿ ವರ್ಷಗಟ್ಟಲೆ ಪಳಗಿದ್ದವರು ಒಂದು ಬೆಳಗ್ಗೆ ಎದ್ದು ಮತ್ತೆ ಮೊದಲಿಂದ ಕೂತರು. ಹ್ಯಾಮಂಡ್ ಈ ವಿಷಯದಲ್ಲಿ ಪುಣ್ಯವಂತ. ಬದಲಾವಣೆಗಳು ಅವನಿಗೂ ಬಂದವು, ಆದರೆ ತೂಗುವ ಕೊಕ್ಕೆಯ ಮೂಲಲೆಕ್ಕವನ್ನು ಯಾರೂ ಮುಟ್ಟಿಲ್ಲ.

ನಮ್ಮ ಕಡೆಯಿಂದ ಆಡುವವರಿಗೆ ಇನ್ನೊಂದು ಸಣ್ಣ ತೊಡಕಿದೆ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು 3,200 ಕಿಲೊಮೀಟರ್. ಪಂದ್ಯದ ಸರ್ವರ್ ಅಲ್ಲಿದ್ದರೆ ಗಾಜಿನ ಎಳೆಯಲ್ಲಿ ಬೆಳಕು ಹೋಗಿ ಬರಲು ನೇರ ದಾರಿಯಲ್ಲೇ 32 ಮಿಲಿಸೆಕೆಂಡ್ ಹಿಡಿಯುತ್ತದೆ. ಕೇಬಲ್ ನೇರ ಹೋಗುವುದಿಲ್ಲವಾದ್ದರಿಂದ ನಿಜವಾದ ಪಿಂಗ್, ಅಂದರೆ ಹೋಗಿ ಬರುವ ಹೊತ್ತು, ಅದಕ್ಕಿಂತ ಹೆಚ್ಚೇ. ಆನಾಳ ಸೂಜಿ ತಪ್ಪಿಸಿಕೊಂಡೆ ಎಂದು ಇಲ್ಲಿ ಅನಿಸಿದ ಕ್ಷಣದಲ್ಲಿ ಅಲ್ಲಿ ಆಗಲೇ ನಿದ್ದೆ ಹೋಗಿರುತ್ತೇವೆ. ‘ವ್ಯಾಲೊರಂಟ್’ 2020ರಲ್ಲಿ ಬರುವಾಗಲೇ ಮುಂಬೈನಲ್ಲಿ ಸರ್ವರ್ ಇಟ್ಟದ್ದು ನಮ್ಮ ಹುಡುಗರನ್ನು ಅತ್ತ ಸೆಳೆದ ಕಾರಣಗಳಲ್ಲಿ ಒಂದು. ಕೊಕ್ಕೆಯ ವಿಷಯದಲ್ಲಿ ಈ ತಡಕ್ಕೆ ಕೈ ಹೊಂದಿಕೊಳ್ಳುತ್ತದೆ. ಆದರೆ ಪಿಂಗ್ ಏರಿಳಿಯುತ್ತಿದ್ದರೆ ಹೊಂದಿಕೊಳ್ಳಲು ಏನೂ ಸಿಗುವುದಿಲ್ಲ, ಅಂಥ ಸಂಜೆ ಬೇರೆ ಪಾತ್ರ ಆಡುವುದು ಲೇಸು.

ಇಷ್ಟೆಲ್ಲ ಓದಿಯೂ ಹ್ಯಾಮಂಡ್ ಕಲಿಯಬೇಕೆಂಬ ಹಂಬಲ ಇರುವವರಿಗೆ, ಅಥವಾ ‘ಮಾರ್ವೆಲ್ ರೈವಲ್ಸ್’ನಲ್ಲಿ ಬಲೆ ಹಿಡಿದು ತೂಗುವ ಸ್ಪೈಡರ್-ಮ್ಯಾನ್ ಕಲಿಯಲು ಹೊರಟವರಿಗೆ, ಒಂದೆರಡು ಮಾತು. ಕೊಕ್ಕೆಯನ್ನು ಒಬ್ಬರೇ ಇದ್ದಾಗ ಪಳಗಿಸಿಕೊಳ್ಳಿ, ಕಲಸಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ‘ಈಗ ಬಿಡು’ ಎಂದು ಹೇಳಿಕೊಳ್ಳುವುದು ತಾನಾಗಿ ನಿಂತ ಮೇಲೆ ರ‍್ಯಾಂಕ್ ಪಣಕ್ಕಿಲ್ಲದ ಕ್ವಿಕ್ ಪ್ಲೇಗೆ ಬನ್ನಿ. ಸಾಧ್ಯವಾದರೆ ಒಬ್ಬ ಪರಿಚಯದ ಹೀಲರನ್ನು ಜೊತೆಗೆ ಕರೆತನ್ನಿ. ನೀವು ಯಾವಾಗ ಒಳಗೆ ಹೋಗುತ್ತೀರಿ, ಯಾವಾಗ ಹೊರಗೆ ಬರುತ್ತೀರಿ ಎಂದು ಅವರಿಗೆ ಬಾಯಿಬಿಟ್ಟು ಹೇಳಿ. ಆಮೇಲೆ ರಿಪ್ಲೇ ಹಾಕಿಕೊಂಡು ನಿಮ್ಮ ಕಣ್ಣಿನಿಂದಲ್ಲ, ಅವರ ಕಣ್ಣಿನಿಂದ ಪಂದ್ಯ ನೋಡಿ. ಆಟದಲ್ಲೇ ಆ ಸೌಕರ್ಯವಿದೆ, ಬಳಸುವವರು ಕಡಿಮೆ. ಹೀಲರ್‌ಗಳೇ, ಕ್ವಿಕ್ ಪ್ಲೇಯಲ್ಲಿ ಗೋಡೆಗೆ ಬಡಿಯುವ ಗುಂಡು ಕಂಡರೆ ಚಾಟ್ ಬಾಕ್ಸ್ ತೆರೆಯಬೇಡಿ, ಆ ಮ್ಯಾಚ್ ಇರುವುದೇ ಅದಕ್ಕೆ. ಆದರೆ ಕಲಿಯುವವರೇ, ರ‍್ಯಾಂಕ್ ಪಣಕ್ಕಿಟ್ಟ ಕಾಂಪಿಟಿಟಿವ್ ಮ್ಯಾಚ್‌ಗೆ ಅರೆಬೆಂದ ಹ್ಯಾಮಂಡ್ ತಂದಿರೋ, ಅಲ್ಲಿ ಬೈಸಿಕೊಂಡರೆ ತಪ್ಪು ನಿಮ್ಮದೇ.